ಹಾಸನ ಸೀಮೆಯ ಕ್ರೈಸ್ತರು: ದೇವಿ ಹಾಕಿಸಿದ ಪಾದ್ರಿಯಿಂದ ಜೀತ ಬಿಡಿಸಿದವರವರೆಗೆ

ಅರಸೀಕೆರೆ, ಬೇಲೂರು, ಹಳೇಬೀಡು ಎಂದೊಡನೆ ಯಾರಿಗೂ ಕ್ರೈಸ್ತರ ನೆನಪಾಗುವುದಿಲ್ಲ. ಅರಸೀಕೆರೆ ಎಂದರೆ ರೈಲ್ವೆ ಜಂಕ್ಷನ್ನು, ತೆಂಗು, ಕೊಬ್ಬರಿ. ಉಳಿದೆರಡು ಎಂದರೆ ಹೊಯ್ಸಳರ ಗುಡಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ಕ್ರೈಸ್ತರು ಶೇ 1.87, ಹಾಸನ ಜಿಲ್ಲೆಯಲ್ಲಿ ಅದಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಸಮುದಾಯವೊಂದು ಇನ್ನೂರು ವರ್ಷಗಳಿಂದ ಈ ಸೀಮೆಯಲ್ಲಿ ಸಿಡುಬು, ಬರ, ತಬ್ಬಲಿ ಮಕ್ಕಳು, ಹೆರಿಗೆಯ ಸಾವುಗಳೊಡನೆ ಗುದ್ದಾಡಿದೆ. ಈಚೆಗೆ ಜೀತದ ಪ್ರಕರಣವೊಂದರಲ್ಲಿ ಕ್ರೈಸ್ತ ಪ್ರೇರಣೆಯ ಸಂಸ್ಥೆಯೊಂದು ಇಲ್ಲಿಗೂ ಬಂದಿದೆ. ಮೊದಲಿನವರು ಕೈಯೆತ್ತಿ ಕೊಟ್ಟರು. ನಂತರದವರು ಆಸ್ಪತ್ರೆ, ಶಾಲೆ ಕಟ್ಟಿದರು. ಈಗಿನ ಕೆಲವರು ಪೊಲೀಸ್ ಠಾಣೆಯಲ್ಲೂ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲೂ ಅರ್ಜಿ ಹಿಡಿದು ನಿಲ್ಲುತ್ತಾರೆ. ಮೂರರಲ್ಲಿ ಕೊನೆಯದೇ ಕಷ್ಟದ ಕೆಲಸ, ಮೆಚ್ಚುಗೆ ಕಡಿಮೆ ಸಿಗುವ ಕೆಲಸ.

ಕ್ರೈಸ್ತರು ಬರುವ ಮೊದಲೇ ಇದ್ದ ಪ್ರಶ್ನೆ

ಸಾಮಾಜಿಕ ನ್ಯಾಯದ ಮಾತನ್ನು ಈ ನೆಲಕ್ಕೆ ಪಾದ್ರಿಗಳು ತಂದರು ಎಂದರೆ ತಪ್ಪಾಗುತ್ತದೆ. ಬೇಲೂರಿನ ಚೆನ್ನಕೇಶವನಿಗೆ ಮಾದಿಗ ಸಮುದಾಯದವರು ಚಪ್ಪಲಿ ಮಾಡಿ ಒಪ್ಪಿಸುವ ವಾಡಿಕೆ ಹಳೆಯದು. ಮೇಲುಕೋಟೆಯಲ್ಲಿದ್ದಂತೆ ಬೇಲೂರಿನಲ್ಲೂ ಅಸ್ಪೃಶ್ಯರೆನಿಸಿಕೊಂಡವರಿಗೆ ವರ್ಷಕ್ಕೆ ಮೂರು ದಿನ ಗುಡಿಯ ಒಳಗೆ ಹೋಗುವ ಹಕ್ಕಿತ್ತು. ಅದನ್ನು ಜನ ರಾಮಾನುಜರ ಹೆಸರಿಗೆ ಸೇರಿಸಿ ಹೇಳುತ್ತಾರೆ. ವರ್ಷಕ್ಕೆ ಮೂರು ದಿನ ಎಂಬುದನ್ನು ಉದಾರತೆ ಎಂದೂ ಓದಬಹುದು, ಉಳಿದ ದಿನಗಳ ಲೆಕ್ಕ ಎಂದೂ ಓದಬಹುದು. ಹನ್ನೆರಡನೆಯ ಶತಮಾನದ ಶರಣರು ಇದೇ ಲೆಕ್ಕವನ್ನು ಕೇಳಿದ್ದರು. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿ ಇನ್ನೂ ಖಾರವಾಗಿ ಕೇಳಿತು. ಈ ಸಾಲಿನಲ್ಲಿ ಕ್ರೈಸ್ತರು ನಡುವೆ ಬಂದು ಸೇರಿಕೊಂಡವರು. ಅವರ ಕೊಡುಗೆಯನ್ನು ಅಳೆಯುವಾಗ ಇದನ್ನು ಮರೆತರೆ ಹೊಗಳಿಕೆಯೂ ಕೆಡುತ್ತದೆ, ಟೀಕೆಯೂ ಕೆಡುತ್ತದೆ.

ದೊಡ್ಡ ಸ್ವಾಮಿಯವರು

ಮೊದಲ ದೊಡ್ಡ ಹೆಸರು ಅಬ್ಬೆ ದ್ಯುಬ್ವಾ. ನಮ್ಮ ಬಾಯಲ್ಲಿ ಡುಬಾಯ್ ಎಂದೂ ಆಗಿದ್ದಾನೆ. ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಈ ಫ್ರೆಂಚ್ ಪಾದ್ರಿ 1792ರ ಸುಮಾರಿಗೆ ಭಾರತಕ್ಕೆ ಬಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ಯಾಥೊಲಿಕರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದು ನೆಲೆಸಿದ. ಇಲ್ಲಿಯವರಂತೆ ಉಡುಪು ತೊಟ್ಟು, ಇಲ್ಲಿಯವರ ಊಟ ಉಂಡು ಬದುಕಿದ. ಜನ ಅವನನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ಅವನನ್ನು ಇಂದು ಓದುಗರು ಬಲ್ಲದ್ದು ಹಿಂದೂ ಆಚಾರ ವಿಚಾರಗಳ ಕುರಿತ ಪುಸ್ತಕದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಕರ್ದೂ ಎಂಬ ಇನ್ನೊಬ್ಬ ಪಾದ್ರಿಯ ಹಳೆಯ ಬರವಣಿಗೆಯಿಂದ ಎತ್ತಿಕೊಂಡದ್ದು ಎಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಪುಸ್ತಕದ ಕೀರ್ತಿ ಹಾಗಾಯಿತು. ಪುಸ್ತಕಕ್ಕೆ ಸಂಬಂಧವಿಲ್ಲದ ಅವನ ಎರಡು ಕೆಲಸಗಳ ಮೇಲೆ ಮಾತ್ರ ಯಾರೂ ತಕರಾರು ಎತ್ತಿಲ್ಲ.

ಒಂದು, ಸಿಡುಬಿಗೆ ದೇವಿ ಹಾಕಿಸಿದ್ದು. ಎಡ್ವರ್ಡ್ ಜೆನ್ನರನ ಹಸುಸಿಡುಬಿನ ಲಸಿಕೆ ಮುಂಬಯಿಗೆ ತಲಪಿದ್ದು 1802ರ ಜೂನ್‌ನಲ್ಲಿ. ಮರುವರ್ಷದ ಹೊತ್ತಿಗೆ ದ್ಯುಬ್ವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸತೊಡಗಿದ್ದ. 1803–04ರಲ್ಲಿ ಹೀಗೆ ಲಸಿಕೆ ಪಡೆದವರು 25,000ಕ್ಕೂ ಹೆಚ್ಚು ಎಂದು ದಾಖಲೆಯಿದೆ. ಆಗ ಫ್ರಿಜ್ಜಿಲ್ಲ, ಸೀಸೆಯಲ್ಲಿ ಬರುವ ಮದ್ದಿಲ್ಲ. ಒಬ್ಬರ ತೋಳಿನ ಗುಳ್ಳೆಯ ಕೀವನ್ನು ಎಂಟನೆಯ ದಿನದ ಸುಮಾರಿಗೆ ಇನ್ನೊಬ್ಬರ ತೋಳಿಗೆ ದಾಟಿಸಬೇಕು. ಸರಪಳಿ ತಪ್ಪಿದರೆ ಮದ್ದೇ ಇಲ್ಲ. ಯಾವ ಜಾತಿಯವರ ತೋಳಿನಿಂದ ಯಾವ ಜಾತಿಯವರ ತೋಳಿಗೆ ಎಂಬುದು ಅಂದಿನ ಸಮಾಜದಲ್ಲಿ ಸಣ್ಣ ಪ್ರಶ್ನೆಯಾಗಿರಲಿಲ್ಲ. ಸಿಡುಬಿನ ದೇವತೆ ಅಮ್ಮನ ಸಿಟ್ಟಿಗೆ ಗುರಿಯಾಗುತ್ತೇವೆಂಬ ಭಯವೂ ಇತ್ತು. ಮೈಸೂರು ಅರಮನೆಯ ರಾಣಿಯರು ಲಸಿಕೆಗೆ ಮುಂದಾದದ್ದು ಈ ಭಯ ಕಡಿಮೆ ಮಾಡಿತು; 1805ರಲ್ಲಿ ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರವನ್ನು ಲಸಿಕೆಯ ಪ್ರಚಾರಕ್ಕಾಗಿಯೇ ಬರೆಸಿದ್ದು ಎಂದು ಇತಿಹಾಸಕಾರರು ಈಚೆಗೆ ವಾದಿಸಿದ್ದಾರೆ. ಅರಮನೆಯೂ ಪಾದ್ರಿಯೂ ಒಂದೇ ಕೆಲಸಕ್ಕೆ ಕೈ ಹಾಕಿದ ಕಾಲ ಅದು.

ಇನ್ನೊಂದು, ಸಾತಳ್ಳಿ. ಕೈಯಲ್ಲಿ ನೆಲವಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಡಲು ದ್ಯುಬ್ವಾ ಹೊರಟ. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. ಬಡವನಿಗೆ ಊಟ ಹಾಕಿ ಕಳಿಸುವುದಕ್ಕಿಂತ ಉಳಲು ನೆಲ ಸಿಗುವಂತೆ ಮಾಡುವುದು ಮೇಲು ಎಂಬ ಅರಿವು ಇದರಲ್ಲಿತ್ತು.

1823ರಲ್ಲಿ ದ್ಯುಬ್ವಾ ಭಾರತ ಬಿಟ್ಟ. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಎಂದು ಕೈಚೆಲ್ಲಿದ; ಇಂಗ್ಲೆಂಡಿನ ಮಿಷನರಿಗಳು ಅವನ ಮೇಲೆ ಹರಿಹಾಯ್ದರು. ಮತಾಂತರವೇ ಗುರಿ, ಸೇವೆ ಅದಕ್ಕೊಂದು ನೆಪ ಎನ್ನುವವರಿಗೆ ಈ ಮನುಷ್ಯ ಸ್ವಲ್ಪ ತೊಡಕು.

ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ದ್ಯುಬ್ವಾ ಕಟ್ಟಿಸಿದ ಎಂದು ಪ್ರವಾಸಿ ಬರಹಗಳಲ್ಲಿ ಆಗಾಗ ಕಾಣುತ್ತದೆ. ಆ ಚರ್ಚು 1860ರ ದಶಕದ್ದು. ದ್ಯುಬ್ವಾ ತೀರಿಕೊಂಡದ್ದು 1848ರಲ್ಲಿ. ಫೋಟೋಗೆ ಚೆಂದ ಕಾಣುವ ಆ ಗೋಡೆಗಳ ಸುತ್ತ ಒಂದು ಊರೂ ಇತ್ತು. 1979ರಲ್ಲಿ ಅಣೆಕಟ್ಟು ಮುಗಿದಾಗ ಎದ್ದುಹೋದ ಹಲವು ಊರುಗಳಲ್ಲಿ ಅದೂ ಒಂದು. ಪ್ರಿ-ವೆಡ್ಡಿಂಗ್ ಚಿತ್ರ ತೆಗೆಸಲು ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಧಾತು ಈಶ್ವರದ ಬರ ಮತ್ತು ಹಾಸನದ ಹೆಣ್ಣುಮಕ್ಕಳು

1876ರಿಂದ 1878ರವರೆಗಿನ ಬರವನ್ನು ಹಳೆ ಮೈಸೂರಿನವರು ಸಂವತ್ಸರದ ಹೆಸರು ಹಿಡಿದೇ ಹೇಳುತ್ತಿದ್ದರು: ಧಾತು ಈಶ್ವರದ ಬರ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ಮೀರಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದಿತ್ತು. ತಾಯ್ತಂದೆ ಇಲ್ಲದ ಮಕ್ಕಳು ಗಂಜಿಕೇಂದ್ರಗಳ ಸುತ್ತ ಉಳಿದರು. ಹೆಣ್ಣುಮಕ್ಕಳ ಪಾಡು ಇನ್ನೂ ಘೋರ.

ಆ ಹೊತ್ತಿಗೆ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಮೈಸೂರು ಸಂಸ್ಥಾನದಲ್ಲಿ ಬೇರು ಬಿಟ್ಟು ಅರ್ಧ ಶತಮಾನವಾಗಿತ್ತು. ಬೆಂಗಳೂರಿನಿಂದ ಗುಬ್ಬಿ, ತುಮಕೂರು, ಮೈಸೂರು, ಹಾಸನಗಳಿಗೆ ಅದು ಹಬ್ಬಿತ್ತು. ಬರದ ಮಕ್ಕಳಿಗಾಗಿ ಮಿಷನ್ ತೆರೆದ ಅನಾಥಾಲಯಗಳಲ್ಲಿ ಗಂಡುಮಕ್ಕಳದು ತುಮಕೂರಿನಲ್ಲಿ, ಹೆಣ್ಣುಮಕ್ಕಳದು ಹಾಸನದಲ್ಲಿ ನಡೆಯಿತು. ಹೆಣ್ಣುಮಗಳೊಬ್ಬಳಿಗೆ ಅಕ್ಷರ, ಹೊಲಿಗೆ ಕಲಿಸುವುದು, ಅವಳನ್ನು ಉಪಾಧ್ಯಾಯಿನಿ ಅಥವಾ ದಾದಿ ಮಾಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಅದರಲ್ಲೂ ಅವಳು ಹೊಲಗೇರಿಯಿಂದ ಬಂದವಳಾದರೆ.

ಆದರೆ ಒಂದು ಮಾತು ಹೇಳಲೇಬೇಕು. ಅನಾಥಾಲಯದಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಬರ ಮಿಷನ್ನುಗಳಿಗೆ ಸುಗ್ಗಿಯಾಯಿತು ಎಂಬ ಆಕ್ಷೇಪ ಅಂದೇ ಎದ್ದಿತ್ತು, ಅದು ಪೂರ್ತಿ ಹುಸಿಯೂ ಅಲ್ಲ. ಹಸಿದ ಎಂಟು ವರ್ಷದ ಮಗುವಿಗೆ ಆಯ್ಕೆ ಎಂಬುದು ಎಲ್ಲಿರುತ್ತದೆ? ಹಾಗೆಂದು ಬೇರೆ ಯಾರ ಬಾಗಿಲೂ ಆ ಮಗುವಿಗೆ ತೆರೆದಿರಲಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಈ ಚರಿತ್ರೆಯನ್ನು ಹೇಳಲು ಬರುವುದಿಲ್ಲ.

ಇದೇ ಮಿಷನ್ನಿನ ಮುಂದಿನ ಹೆಜ್ಜೆ ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ. ಪರಗಂಡಸು ವೈದ್ಯನ ಮುಂದೆ ಬಾರದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲದಲ್ಲಿ ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸೆ ಎಂಬುದೇ ಇಂಥ ಮಿಷನ್ ಆಸ್ಪತ್ರೆಗಳ ಮೊದಲ ಉದ್ದೇಶವಾಗಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಇದರ ದೊಡ್ಡಕ್ಕ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಎಂದರೆ ಸಿ.ಎಸ್.ಐ., ಹುಟ್ಟಿದಾಗ ಮೆಥಡಿಸ್ಟರ ಈ ಸಂಸ್ಥೆಗಳೆಲ್ಲ ಅದರ ಕೈಗೆ ಬಂದವು.

ಕೊಡುವವರನ್ನು ಕೇಳುವವರನ್ನಾಗಿಸಿದ ವಿಚಾರಗಳು

ಬೈಬಲಿನ ಹಳೆಯ ಒಡಂಬಡಿಕೆಯ ಆಮೋಸ, ಮೀಕ ಮೊದಲಾದ ಪ್ರವಾದಿಗಳು ಬಡವರ ನೆಲ ಕಸಿದವರನ್ನೂ ತೂಕದಲ್ಲಿ ಮೋಸ ಮಾಡುವವರನ್ನೂ ನ್ಯಾಯಸ್ಥಾನ ಮಾರಿಕೊಂಡವರನ್ನೂ ಬೈದವರು. ಮತ್ತಾಯನ ಸುವಾರ್ತೆಯಲ್ಲಿ ಹಸಿದವನಿಗೆ, ಬಟ್ಟೆಯಿಲ್ಲದವನಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಯೇಸು ಹೇಳುವ ಭಾಗವಿದೆ. ಮಿಷನ್ನುಗಳು ಎರಡನೆಯದನ್ನು ಹಿಡಿದಷ್ಟು ಗಟ್ಟಿಯಾಗಿ ಮೊದಲನೆಯದನ್ನು ಹಿಡಿಯಲಿಲ್ಲ. ಪ್ರವಾದಿಗಳ ಮಾತು ಎತ್ತಿದರೆ ಸಾಹುಕಾರರೂ ಸರ್ಕಾರವೂ ಮುನಿಯುತ್ತವೆ.

ಎತ್ತಿದವರೂ ಇದ್ದರು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1791ರಲ್ಲಿ, ಸಾಯುವ ಕೆಲವೇ ದಿನ ಮೊದಲು, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಬೆನ್ನು ತಟ್ಟಿ ಪತ್ರ ಬರೆದ. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ರದ್ದಾದದ್ದು 1833ರ ಕಾಯ್ದೆಯಿಂದ. ಕಂಪನಿಯ ಭಾರತ ಆಗ ಅದರ ಹೊರಗಿತ್ತು, 1843ರ ಐದನೆಯ ಕಾಯ್ದೆ ಬರುವವರೆಗೂ ಕಾಯಬೇಕಾಯಿತು. ಕ್ಯಾಥೊಲಿಕರ ಕಡೆ 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ಕೂಲಿ, ಸಂಘದ ಹಕ್ಕಿನ ಬಗ್ಗೆ ವಿಶ್ವಪತ್ರ ಹೊರಡಿಸಿದರು. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆ, ಆಮೇಲೆ ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರ ಆ ದಾರಿಯನ್ನು ಅಗಲಗೊಳಿಸಿದವು.

ಕರ್ನಾಟಕದಲ್ಲಿ ಇದರ ಗದ್ದಲ ಕೇಳಿಸಿದ್ದು ಬೆಂಗಳೂರಿನಲ್ಲಿ. ಮಾರ್ ತೋಮಾ ಸಭೆಯ ಪಾದ್ರಿ ಎಂ.ಎ. ಥಾಮಸ್ 1963ರಲ್ಲಿ ವೈಟ್‌ಫೀಲ್ಡಿನ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಕಟ್ಟಿದರು. ತುರ್ತುಪರಿಸ್ಥಿತಿಯ ಬಿಸಿಯಲ್ಲಿ ಮಾನವ ಹಕ್ಕುಗಳಿಗಾಗಿ ವಿಜಿಲ್ ಇಂಡಿಯಾ ಮೂವ್‌ಮೆಂಟ್ ಆರಂಭಿಸಿದರು. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಎಂಬ ಧಾರೆಯೇ ಶುರುವಾಯಿತು ಎನ್ನುತ್ತಾರೆ: ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರಾಗಿರುವಾಗ ದೇವರ ಬಗೆಗಿನ ಮಾತು ಮಾತ್ರ ಮೇಲ್ಜಾತಿಯ ವೇದಾಂತದ ಭಾಷೆಯಲ್ಲೇ ಏಕಿರಬೇಕೆಂದು ಅವರು ಕೇಳಿದರು. ಕ್ರೈಸ್ತ ಮನೆತನದಿಂದ ಬಂದ ರೂತ್ ಮನೋರಮಾ ಬೆಂಗಳೂರಿನ ಕೊಳೆಗೇರಿಯ ಹೆಂಗಸರನ್ನೂ ಮನೆಗೆಲಸದವರನ್ನೂ ಸಂಘಟಿಸಿದರು, 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದರು, 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. ಒಂದು ಕಾಲಕ್ಕೆ ಜೆಸ್ವಿಟ್ ಆಗಿದ್ದ ಕಿರಣ್ ಕಮಲ್ ಪ್ರಸಾದ್ ಆನೇಕಲ್ ಕಡೆಯಿಂದ ಕೆಲಸ ಶುರುಮಾಡಿ ಕಟ್ಟಿದ ಜೀವಿಕ, ಎಂದರೆ ಜೀತ ವಿಮುಕ್ತಿ ಕರ್ನಾಟಕ, ರಾಜ್ಯದ ಹಲವು ಜಿಲ್ಲೆಗಳಲ್ಲಿ ಜೀತದಾಳುಗಳನ್ನೇ ಒಕ್ಕೂಟವಾಗಿ ಕೂಡಿಸಿತು. ಜೀವಿಕ ಚರ್ಚಿನ ಸಂಸ್ಥೆಯಲ್ಲ. ಅಲ್ಲಿ ಪ್ರಾರ್ಥನೆಗಿಂತ ತಮಟೆಯ ಸದ್ದೇ ಹೆಚ್ಚು.

ಅರಸೀಕೆರೆ, ಡಿಸೆಂಬರ್ 2018

ಜೀತ ಎಂದರೆ ಅಜ್ಜನ ಕಾಲದ ಮಾತು ಎಂದುಕೊಂಡವರು ಈ ಪ್ರಕರಣ ನೋಡಬೇಕು. 2018ರ ಡಿಸೆಂಬರಿನಲ್ಲಿ ಅರಸೀಕೆರೆ ಗ್ರಾಮಾಂತರ ಪೊಲೀಸರು ಒಂದು ಶೆಡ್ಡಿನಿಂದ 52 ಜನರನ್ನು ಬಿಡಿಸಿದರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ದಲಿತರು ಮತ್ತು ಬುಡಕಟ್ಟಿನವರೇ ಹೆಚ್ಚು. ಕರ್ನಾಟಕದ ಬೇರೆ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಂದವರು. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಕೆಲಸ ಹುಡುಕುತ್ತ ನಿಂತವರಿಗೆ ಒಳ್ಳೆಯ ಕೂಲಿಯ ಆಸೆ ತೋರಿಸಿ ಕರೆತಂದಿದ್ದರು ಎಂದು ಅಂದಿನ ವರದಿಗಳು ಹೇಳಿದವು. ದಿನಕ್ಕೆ 19 ಗಂಟೆಯವರೆಗೆ ಸುತ್ತಲ ಹೊಲತೋಟಗಳಲ್ಲಿ ದುಡಿಸಿ ರಾತ್ರಿ ಶೆಡ್ಡಿನೊಳಗೆ ಕೂಡುತ್ತಿದ್ದರು. ಹೊಡೆತ, ಲೈಂಗಿಕ ದೌರ್ಜನ್ಯದ ಆರೋಪಗಳೂ ಬಂದವು. ಒಬ್ಬ ಎತ್ತರದ ಗೋಡೆ ಹಾರಿ ತಪ್ಪಿಸಿಕೊಂಡು ಸುದ್ದಿ ಮುಟ್ಟಿಸಿದ್ದರಿಂದ ವಿಷಯ ಹೊರಬಂತು.

ಈ ಬಿಡುಗಡೆಯ ಹೊತ್ತಿನಲ್ಲಿ ಸಂತ್ರಸ್ತರ ಜತೆ ನಿಂತ ಸಂಸ್ಥೆ ಇಂಟರ್‌ನ್ಯಾಷನಲ್ ಜಸ್ಟಿಸ್ ಮಿಷನ್. 1997ರಲ್ಲಿ ಗ್ಯಾರಿ ಹಾಗನ್ ಎಂಬ ಅಮೆರಿಕನ್ ವಕೀಲ ಕ್ರೈಸ್ತ ನಂಬಿಕೆಯ ಪ್ರೇರಣೆಯಿಂದ ಹುಟ್ಟುಹಾಕಿದ ಸಂಸ್ಥೆ ಇದು. ಬಾವಿ ತೋಡುವುದು, ಶಾಲೆ ಕಟ್ಟುವುದು ಇದರ ಕೆಲಸವಲ್ಲ. ಪೊಲೀಸರು, ಕಂದಾಯ ಅಧಿಕಾರಿಗಳು, ಸರ್ಕಾರಿ ವಕೀಲರ ಜತೆ ಕೂತು, ಇರುವ ಕಾನೂನನ್ನು ನಡೆಯುವಂತೆ ಮಾಡುವುದೇ ಇದರ ಕೆಲಸ. ಬಡವನಿಗೆ ಎಲ್ಲ ಕೊಟ್ಟೂ ಅವನ ಮೇಲಿನ ಹಿಂಸೆ ನಿಲ್ಲಿಸದಿದ್ದರೆ ಕೊಟ್ಟದ್ದೂ ಉಳಿಯುವುದಿಲ್ಲ ಎಂಬುದು ಹಾಗನ್ ವಾದ. ವಿದೇಶಿ ಹಣ, ವಿದೇಶಿ ಕಣ್ಣು ಎಂದು ಇಂಥ ಸಂಸ್ಥೆಗಳನ್ನು ಟೀಕಿಸುವವರಿದ್ದಾರೆ; ಬಿಡಿಸುವ ಕ್ಷಣದ ನಾಟಕೀಯತೆಗೆ ಒತ್ತು ಹೆಚ್ಚು, ಆಮೇಲಿನ ಬದುಕಿಗೆ ಕಡಿಮೆ ಎಂಬ ದೂರನ್ನು ಕಾರ್ಮಿಕ ಸಂಘಟಕರೂ ಹೇಳುತ್ತಾರೆ. ಎರಡನೆಯ ಮಾತಿನಲ್ಲಿ ಹುರುಳಿದೆ. ಆದರೆ ಆ ಶೆಡ್ಡಿನ ಸುತ್ತ ಊರಿತ್ತು, ಹೊಲಗಳಿದ್ದವು, ಅವುಗಳಿಗೆ ಮಾಲೀಕರಿದ್ದರು. ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಬರುವ ಈ ಜನ ರಾತ್ರಿ ಎಲ್ಲಿ ಮಲಗುತ್ತಾರೆಂದು ಯಾರೂ ಕೇಳಿರಲಿಲ್ಲ.

ಜೀತ ಬಿಡಿಸುವ ಕಾನೂನು ಹೇಗೆ ನಡೆಯುತ್ತದೆ

ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಅದಕ್ಕೆ ಹಲ್ಲು ಬಂದದ್ದು 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯಿಂದ. ಮುಂಗಡ ಕೊಟ್ಟು, ಅದು ತೀರುವವರೆಗೆ ಬೇರೆ ಕಡೆ ಹೋಗದಂತೆ, ಇಲ್ಲವೇ ಕನಿಷ್ಠ ಕೂಲಿ ಕೊಡದೆ ದುಡಿಸಿದರೆ ಅದು ಜೀತ. ಕಾಯ್ದೆಯ ಪ್ರಕಾರ ಆ ಸಾಲವೇ ಇಲ್ಲವಾಗುತ್ತದೆ. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ದುಡಿದವನದಲ್ಲ, ದುಡಿಸಿದವನದು. ತಪ್ಪಿತಸ್ಥನಿಗೆ 3 ವರ್ಷದವರೆಗೆ ಸಜೆ, 2,000 ರೂಪಾಯಿವರೆಗೆ ದಂಡ. ಇಂದಿನ ದಿನದಲ್ಲಿ ಆ ದಂಡವನ್ನು ಓದಿದರೆ ನಗು ಬರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಜೀತದಾಳುಗಳ ಪರವಾದ 1983ರ ಬಂಧುವಾ ಮುಕ್ತಿ ಮೋರ್ಚಾ ತೀರ್ಪನ್ನು ಗಳಿಸಿದ್ದು ಆರ್ಯ ಸಮಾಜದ ಸ್ವಾಮಿ ಅಗ್ನಿವೇಶರ ಸಂಘಟನೆ.

ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ದೂರು ಬಂದಾಗ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಉಪವಿಭಾಗಾಧಿಕಾರಿ ವಿಚಾರಣೆ ಮಾಡಿ, ಜೀತವೆಂದು ಕಂಡರೆ ಬಿಡುಗಡೆ ಪತ್ರ ಕೊಡುತ್ತಾರೆ. ಎಲ್ಲವೂ ನಿಂತಿರುವುದು ಈ ಒಂದು ಹಾಳೆಯ ಮೇಲೆ. ಅದು ಕೈಗೆ ಬರದಿದ್ದರೆ ಬಿಡಿಸಿಕೊಂಡು ಬಂದವನು ಬರೀ ಊರಿಗೆ ಮರಳಿದ ಕೂಲಿಯವನು. ಪತ್ರವಿದ್ದರೆ ಕೇಂದ್ರದ ಪುನರ್ವಸತಿ ಯೋಜನೆಯಡಿ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಮಾನವ ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ತಕ್ಷಣದ ನೆರವು ಮೊದಲು 20,000 ಇದ್ದದ್ದು ಈಗ 30,000ದವರೆಗೆ ಏರಿದೆ. ಆದರೆ ದೊಡ್ಡ ಮೊತ್ತವನ್ನು ಆರೋಪಿಯ ಶಿಕ್ಷೆಗೆ ತಗುಲಿಹಾಕಿರುವುದರಿಂದ ನ್ಯಾಯಾಲಯದಲ್ಲಿ ಪ್ರಕರಣ ಎಳೆದಷ್ಟೂ ಹಣವೂ ಎಳೆಯುತ್ತದೆ. ಸಾಕ್ಷಿ ಹೇಳಬೇಕಾದವನು ಅಷ್ಟರಲ್ಲಿ ಇನ್ನೊಂದು ಊರಿಗೆ ಕೂಲಿಗೆ ಹೋಗಿರುತ್ತಾನೆ. ಅವನನ್ನು ಹುಡುಕಿ, ಬಸ್ಸಿನ ಖರ್ಚು ಕೊಟ್ಟು, ಕೋರ್ಟಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಧೈರ್ಯ ಹೇಳುವುದು ಯಾವ ವಾರ್ಷಿಕ ವರದಿಯ ಮುಖಪುಟಕ್ಕೂ ಹೊಂದದ ಕೆಲಸ. ಬಿಡುಗಡೆ ಎಂಬುದು ನಿಜವಾಗುವುದು ಮಾತ್ರ ಅಲ್ಲೇ.

ಬೇಲೂರು, ನವೆಂಬರ್ 2021

ಬೇಲೂರಿನ ಪ್ರಾರ್ಥನಾ ಮಂದಿರವೊಂದಕ್ಕೆ 2021ರ ನವೆಂಬರ್ ಕೊನೆಯ ಭಾನುವಾರ ಹಿಂದುತ್ವ ಸಂಘಟನೆಯ ಕೆಲವರು ನುಗ್ಗಿ, ಮತಾಂತರ ನಡೆಯುತ್ತಿದೆ ಎಂದು ಪ್ರಾರ್ಥನೆ ನಿಲ್ಲಿಸಲು ಹೊರಟರು. ಒಳಗಿದ್ದ ಹೆಂಗಸರು ಎದ್ದು ಬಂದು ಎದುರಾಡಿದರು. ಆ ವಿಡಿಯೊ ದೇಶವೆಲ್ಲ ಹರಿದಾಡಿತು. ಮತಾಂತರ ತಡೆಯ ಮಸೂದೆಯ ಚರ್ಚೆ ಕಾವೇರಿದ್ದ ದಿನಗಳವು.

2022ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಸೇವಾ ಕೆಲಸಕ್ಕೆ ನೇರ ತಟ್ಟುವಂಥದ್ದು. ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆ, ಹಣ, ಉದ್ಯೋಗಗಳ ಜತೆಗೆ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆಗಳೂ ಸೇರಿದವು. ಧಾತು ಈಶ್ವರದ ಅನಾಥಾಲಯವನ್ನು ಈ ವ್ಯಾಖ್ಯೆಯ ಮುಂದೆ ನಿಲ್ಲಿಸಿದರೆ ಅದು ಪೂರ್ತಿ ಅಪರಾಧವೇ. ಕಾಯ್ದೆಯನ್ನು ಹಿಂಪಡೆಯುವುದಾಗಿ ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಇಂಥ ವಾತಾವರಣದಲ್ಲಿ ಜೀತ ಬಿಡಿಸಲು ಹೋಗುವ ಕ್ರೈಸ್ತ ಕಾರ್ಯಕರ್ತನನ್ನು ಊರು ಮೊದಲು ಕೇಳುವುದು ನೀನು ಯಾವ ಚರ್ಚಿನವನು ಎಂದು. ಆರೋಪಿಯ ಕಡೆಯವರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಸಿಕ್ಕದು. ಜೀತದ ಕೆಲಸದಲ್ಲಿ ಧರ್ಮಪ್ರಚಾರವನ್ನು ಬೆರೆಸದವರು ಈ ಪ್ರಶ್ನೆಗೆ ಕಡತ ತೋರಿಸಿ ಉತ್ತರ ಹೇಳಬಹುದು. ಬೆರೆಸುವ ಕೆಲವರಿಂದ ಆಗುವ ನಷ್ಟವನ್ನು ತೆರುವವರು ಶೆಡ್ಡಿನೊಳಗಿನವರು.

ಚರ್ಚಿನೊಳಗಿನ ಜಾತಿ

ಹೊರಗಿನವರಿಗೆ ನ್ಯಾಯ ಹೇಳುವ ಮೊದಲು ಒಳಗನ್ನು ನೋಡಿಕೊಳ್ಳಬೇಕಲ್ಲ. ದ್ಯುಬ್ವಾನ ಕಾಲದ ಕ್ಯಾಥೊಲಿಕ್ ಪಾದ್ರಿಗಳು ಜಾತಿಯನ್ನು ಲೋಕದ ರೂಢಿ ಎಂದು ಸಹಿಸಿಕೊಂಡರು. ಹಾಗಾಗಿ ಒಕ್ಕಲುತನದ ಕ್ರೈಸ್ತ ಕುಟುಂಬಗಳು ಜಾತಿಯ ಅಭಿಮಾನವನ್ನು ಜತೆಗೇ ತಂದವು. ವೆಸ್ಲಿಯನ್ನರು ಜಾತಿಯನ್ನು ಒಪ್ಪುವುದಿಲ್ಲ ಎಂದರು. ಆದರೆ ಅವರ ಸಭೆಗೆ ಬಂದವರಲ್ಲಿ ಬಹಳ ಮಂದಿ ಕೆಳಜಾತಿಯವರಾದ್ದರಿಂದ ಉಳಿದವರ ಕಣ್ಣಿಗೆ ಇಡೀ ಸಭೆಯೇ ಒಂದು ಜಾತಿಯಾಯಿತು.

ಬೇಲೂರಿನ ಪಶ್ಚಿಮಕ್ಕೆ ಅರೇಹಳ್ಳಿಯ ಕಡೆ ಕಾಫಿ ತೋಟಗಳು ಶುರುವಾಗುತ್ತವೆ. ಅಲ್ಲಿನ ಕತೆ ಬೇರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರಲ್ಲಿ ತೋಟದ ಧಣಿಗಳಿದ್ದಾರೆ, ರೈಟರುಗಳಿದ್ದಾರೆ, ಲೈನು ಮನೆಯ ಕೂಲಿಯವರೂ ಇದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ವೈದ್ಯ, ಕೂಸಿನ ಮನೆಗಳನ್ನು ಮಾಲೀಕನ ಹೊಣೆ ಮಾಡಿತ್ತು. ಭಾನುವಾರ ಒಂದೇ ಬಲಿಪೂಜೆಗೆ ಬರುವ ಧಣಿಗೆ ಆ ಹೊಣೆಯನ್ನು ನೆನಪಿಸುವುದು ಪಾದ್ರಿಗೆ ಹಳ್ಳಿಯ ಅಪರಿಚಿತನನ್ನು ಠಾಣೆಗೆ ಎಳೆಯುವುದಕ್ಕಿಂತ ಕಷ್ಟ. ಚರ್ಚಿನ ಹೆಂಚೂ ಗಂಟೆಯೂ ಅದೇ ಧಣಿಯ ದೇಣಿಗೆಯಾಗಿರಬಹುದು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕ್ಯಾಥೊಲಿಕರಿಗೆ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತು. ಇಂಥ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಘಗಳು ಸ್ವಸಹಾಯ ಗುಂಪು, ಆರೋಗ್ಯ ಶಿಬಿರಗಳಲ್ಲಿ ತೋರಿಸುವ ಹುರುಪನ್ನು ಕೂಲಿಯ ಲೆಕ್ಕದಲ್ಲಿ ತೋರಿಸಿದ್ದು ಕಡಿಮೆ.

ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರಡಿಸಿ, ಚರ್ಚಿನೊಳಗೂ ಅಸ್ಪೃಶ್ಯತೆ ಇದೆ, ನಾಯಕತ್ವದಲ್ಲಿ ದಲಿತರು ವಿರಳ ಎಂದು ಬರೆದು ಒಪ್ಪಿಕೊಂಡಿತು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಕ್ರೈಸ್ತರಲ್ಲಿ ಪರಿಶಿಷ್ಟ ಜಾತಿಯೇ ಇಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಕೊಡಬೇಕೆಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಶಿಫಾರಸು ಮಾಡಿತು, ಜಾರಿಯಾಗಲಿಲ್ಲ. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚನೆಯಾಯಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರಿಗೆ 3ಬಿಯಲ್ಲಿ ಜಾಗವಿದೆ. ಬುಡಕಟ್ಟಿನವರ ವಿಷಯ ಬೇರೆ. ಧರ್ಮ ಬದಲಾದರೂ ಅವರ ಪರಿಶಿಷ್ಟ ಪಂಗಡದ ಸ್ಥಾನ ಹೋಗುವುದಿಲ್ಲ.

ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯೆಂದು ಎಣಿಸದಿರುವುದರ ಪರಿಣಾಮ ಜೀತದ ಪ್ರಕರಣದಲ್ಲಿ ಹೀಗಾಗುತ್ತದೆ. ಒಂದೇ ಶೆಡ್ಡಿನಿಂದ ಒಂದೇ ಕೇರಿಯ ದಲಿತ ಅಣ್ಣತಮ್ಮಂದಿರು ಬಿಡುಗಡೆಯಾದರು ಎನ್ನೋಣ. ಬಿಡುಗಡೆ ಪತ್ರ ಇಬ್ಬರಿಗೂ ಸಿಗುತ್ತದೆ, ಜೀತದ ಪರಿಹಾರವೂ ಇಬ್ಬರಿಗೂ ಸಮ. ತಮ್ಮನ ದಾಖಲೆಯಲ್ಲಿ ಕ್ರೈಸ್ತ ಎಂದಿದ್ದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಅಣ್ಣನ ಮೇಲೆ ಬಿದ್ದ ಏಟಿಗೆ ಅನ್ವಯಿಸುತ್ತದೆ, ಅದೇ ಬಾರುಕೋಲಿನಿಂದ ತಮ್ಮನ ಮೇಲೆ ಬಿದ್ದ ಏಟಿಗೆ ಅನ್ವಯಿಸುವುದಿಲ್ಲ.